ಕೇರಿಯ ಬೋರಿಂಗು

ತೊಗರಿಕಟ್ಟಿಗೆಯ ಬೆಂಕಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಭರ್ರನೆ ಉರಿದು ಮುಗಿಯುತ್ತದೆ. ನಾಲ್ಕು ಕುಳ್ಳು ಪಕ್ಕಕ್ಕೆ ಇಟ್ಟುಕೊಂಡು ಕೂಡ್ರಿ ಅಂತ ಹುಡುಗರಿಗೆ ಹೇಳಿದೆ. ಕ್ರಿಸ್ಮಸ್ ಹತ್ತಿರ ಬಂದಿತ್ತು. ಹಾರ್ಮೋನಿಯಂ, ತಬಲಾ ಹೊತ್ತುಕೊಂಡು ಮನೆಮನೆಗೆ ಭಜನೆ ಹಾಡಿ ಬಂದಿದ್ದ ಅವರಿಗೆ ನಿದ್ದೆಯ ಹಂಗಿರಲಿಲ್ಲ. ಬೆಂಗಳೂರಿನಲ್ಲಿ ಓದುವ ಹುಡುಗನೊಬ್ಬ ಕೇಳಿದ: "ಮುತ್ಯಾ, ಇಡೀ ಊರಿಗೆ ಮೊದಲನೇ ಬೋರಿಂಗು ನಮ್ಮ ಕೇರಿಯೊಳಗ ಹ್ಯಾಂಗ ಬಂತು? ಊರಾನ ಮಂದಿ ಇಲ್ಲಿಗಿ ಬಂದು ನೀರು ಒಯ್ತಿದ್ರಂತ, ಖರೇನ?"

ಖರೇ. ಆದರೆ ಅದು ನಮ್ಮ ಪಾದ್ರಿಗಳು ಪ್ರಸಂಗದಲ್ಲಿ ಹೇಳುವಷ್ಟು ಸಲೀಸಾಗಿ ಆಗಲಿಲ್ಲ. ಪ್ರಸಂಗದಲ್ಲಿ ಎಲ್ಲರೂ ಬೇಗ ಒಳ್ಳೆಯವರಾಗಿಬಿಡುತ್ತಾರೆ.

ನಮ್ಮೂರು ಸೇಡಂ ತಾಲೂಕಿನದು, ಕಾಗಿಣಾ ಹೊಳೆಯ ದಂಡೆಯಿಂದ ಅಷ್ಟು ದೂರವಿಲ್ಲ. ಹೆಸರು ಹೇಳುವುದಿಲ್ಲ. ಆಗಿನವರ ಮಕ್ಕಳು ಮೊಮ್ಮಕ್ಕಳು ಈಗಲೂ ಸಂತೆಯಲ್ಲಿ ಸಿಗುತ್ತಾರೆ, ಚಹಾ ಕುಡಿಸುತ್ತಾರೆ. ಊರ ನಡುವೆ ಒಂದು ಬಾವಿ ಇತ್ತು, ಫರ್ಸಿಕಲ್ಲು ಕಟ್ಟಿದ ದೊಡ್ಡ ಬಾವಿ. ಕೇರಿಯ ಹೆಂಗಸರು ಅದರ ಕಟ್ಟೆಯ ಕೆಳಗೆ ಕೊಡ ಇಟ್ಟು ನಿಲ್ಲಬೇಕು, ಮೇಲಿನವರು ಯಾರಾದರೂ ಮನಸ್ಸು ಬಂದಾಗ ಸೇದಿ ಮೇಲಿನಿಂದಲೇ ಸುರಿಯಬೇಕು. ಕೊಡಕ್ಕೆ ಬಿದ್ದದ್ದು ಕೊಡಕ್ಕೆ, ಸೀರೆಗೆ ಬಿದ್ದದ್ದು ಸೀರೆಗೆ. ನಮ್ಮವ್ವನ ಸೀರೆಯ ಸೆರಗು ಮುಂಜಾನೆ ಹೊತ್ತು ಒಣಗಿದ್ದನ್ನು ನಾನು ನೋಡಿಯೇ ಇಲ್ಲ.

ನಾವು ಕ್ರೈಸ್ತರು, ನಮ್ಮ ಮುತ್ತಜ್ಜನ ಕಾಲದಿಂದ. ಬೊಂಬಾಯಿಯಿಂದ ಬಂದ ರೈಲು ಸೊಲ್ಲಾಪುರ, ಕಲಬುರಗಿ, ಶಹಾಬಾದ್, ವಾಡಿ ದಾಟಿ 1871ರಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಕವಲೊಡೆದು ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ ಹೋಯಿತು. ಆ ಹಳಿಗಳ ದಾರಿ ಹಿಡಿದೇ ಅಮೆರಿಕದ ಮೆಥೊಡಿಸ್ಟ್ ಪಾದ್ರಿಗಳು ನಮ್ಮ ಸೀಮೆಗೆ ಬಂದರು. ಮೊದಲು ರೈಲಿನ ದೊರೆಗಳಿಗೆ ಇಂಗ್ಲಿಷಿನಲ್ಲಿ ಪ್ರಾರ್ಥನೆ ನಡೆಸುತ್ತಿದ್ದವರು, 1880ರ ದಶಕದ ಹೊತ್ತಿಗೆ ಕನ್ನಡ ಕಲಿತು ಕೇರಿಗಳೊಳಗೆ ಕಾಲಿಟ್ಟರು. ಬರಗಾಲ ಅವರಿಗೆ ಹೊಸದಲ್ಲ. ಅತ್ತ ಕೋಲಾರದಲ್ಲಿ ಲೂಯಿಸಾ ಆನ್‌ಸ್ಟಿ ಎಂಬ ಇಂಗ್ಲಿಷ್ ಹೆಣ್ಣುಮಗಳು 1876–78ರ ದೊಡ್ಡ ಬರದಲ್ಲಿ ತಬ್ಬಲಿಯಾದ ಮಕ್ಕಳನ್ನು ಸಾಕಿ, 1890ರಲ್ಲಿ ಆ ಕೆಲಸವನ್ನು ಈ ಮೆಥೊಡಿಸ್ಟರಿಗೇ ಒಪ್ಪಿಸಿ ಹೋದಳು. ನಮ್ಮೂರಿಗೆ ಅಂಥ ದೊಡ್ಡ ಕೆಲಸವೇನೂ ಬರಲಿಲ್ಲ. ಬಂದದ್ದು ಒಂದು ಕೋಣೆಯ ಚರ್ಚು, ಮೇಲೆ ಶಹಾಬಾದ್ ಫರ್ಸಿಯ ಛಾವಣಿ, ಮುಂದೆ ಹತ್ತು ಹೆಜ್ಜೆ ಅಂಗಳ, ಮತ್ತು ಅಕ್ಷರ.

ಜಾತಿಯೇನೂ ನಮ್ಮನ್ನು ಬಿಟ್ಟು ಹೋಗಲಿಲ್ಲ. ಊರಿನವರ ಕಣ್ಣಿಗೆ ನಾವು ಹಳೆಯ ಕೇರಿಯವರೇ. ಸರ್ಕಾರದ ಕಣ್ಣಿಗೆ ಮಾತ್ರ, 1950ರ ಆದೇಶದ ಪ್ರಕಾರ, ಕ್ರೈಸ್ತನಾದವನು ಪರಿಶಿಷ್ಟ ಜಾತಿಯವನಲ್ಲ. ಹೀಗಾಗಿ ನಮ್ಮ ಎಷ್ಟೋ ಮನೆಗಳಲ್ಲಿ ಒಂದು ಹೆಸರು ಚರ್ಚಿನ ವಹಿಯಲ್ಲಿ, ಇನ್ನೊಂದು ಶಾಲೆಯ ದಾಖಲೆಯಲ್ಲಿ. ಅದನ್ನು ತಪ್ಪು ಅನ್ನುವವರು ಒಂದು ವರ್ಷ ನಮ್ಮ ಕೇರಿಯಲ್ಲಿದ್ದು ಹೋಗಲಿ.

ಈಗ ಬರಕ್ಕೆ ಬರುತ್ತೇನೆ.

1971ರಲ್ಲೇ ಮಳೆ ಕೈಕೊಟ್ಟಿತ್ತು. 1972ರಲ್ಲಿ ದೇಶಕ್ಕೆ ದೇಶವೇ ಒಣಗಿತು, ಹಿಂದೂಸ್ತಾನದ ಮುಂಗಾರು ಮಳೆಯಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಪಾಲು ಬೀಳಲೇ ಇಲ್ಲ. ಮುಂಗಾರಿನ ತೊಗರಿ ಗೇಣುದ್ದ ಬೆಳೆದು ಸುಟ್ಟುಹೋಯಿತು. ಹಿಂಗಾರಿ ಜೋಳ ಬಿತ್ತಲು ಹಸಿ ಇಲ್ಲ. ಚಿಂಚೋಳಿಯ ವೀರೇಂದ್ರ ಪಾಟೀಲರು ಮುಖ್ಯಮಂತ್ರಿ ಪದವಿಯಿಂದ ಇಳಿದು, ದೇವರಾಜ ಅರಸರು ಬಂದಿದ್ದ ಕಾಲ. ರಾಜ್ಯದ ಹೆಸರು ಇನ್ನೂ ಮೈಸೂರು. ಬರಗಾಲ ಕಾಮಗಾರಿ ಅಂತ ರಸ್ತೆ ಬದಿ ಜಲ್ಲಿ ಒಡೆಯುವ ಕೆಲಸ ಕೊಟ್ಟರು. ಅವ್ವ, ಅಪ್ಪ ಇಬ್ಬರೂ ಹೋದರು. ಗೌಡರ ಮನೆಯವರು ಕೂಡ ಹೋಗುವಂತಾಯಿತು, ಮುಖದ ಮೇಲೆ ಟವೆಲು ಸುತ್ತಿಕೊಂಡು. ನ್ಯಾಯಬೆಲೆ ಅಂಗಡಿಗೆ ಅಮೆರಿಕದ ಕೆಂಪು ಜೋಳ ಬಂತು, ಮೈಲೋ ಅಂತ. ಅದರ ಹಿಟ್ಟಿಗೆ ಜಿಗುಟಿಲ್ಲ. ರೊಟ್ಟಿ ಬಡಿದರೆ ಅಂಚು ಒಡೆಯುತ್ತದೆ, ತವೆಯ ಮೇಲೆ ಹಾಕುವಷ್ಟರಲ್ಲಿ ಮೂರು ತುಂಡು. ನಮ್ಮವ್ವ ಬಿಸಿನೀರಲ್ಲಿ ನಾದಿ ನೋಡಿದಳು, ಆಗಲೂ ಮಾತು ಕೇಳಲಿಲ್ಲ. ನುಚ್ಚು ಮಾಡಿ ತಿಂದೆವು.

ಚರ್ಚಿಗೂ ಸ್ವಲ್ಪ ಬಂತು. ವಾಡಿ ಸ್ಟೇಷನ್ನಿಗೆ ವ್ಯಾಗನ್ನಿನಲ್ಲಿ ಬಂದ ಗೋಧಿನುಚ್ಚು, ಹಾಲಿನ ಪುಡಿ, ಎಣ್ಣೆ ಟಿನ್ನು ಎತ್ತಿನ ಗಾಡಿಯಲ್ಲಿ ನಮ್ಮ ತನಕ ಬರುತ್ತಿತ್ತು. ಆ ಟಿನ್ನಿನ ಮೇಲೆ ಒಂದು ಚಿತ್ರ: ಎರಡು ಕೈಗಳು ಒಂದನ್ನೊಂದು ಹಿಡಿದುಕೊಂಡದ್ದು, ಅಮೆರಿಕದ ಗುರುತು. ಎಣ್ಣೆ ಮುಗಿದ ಮೇಲೆ ಟಿನ್ನಿಗೆ ಬಾಯಿ ಕೊಯ್ಸಿ, ತಂತಿಯ ಹಿಡಿ ಹಾಕಿಸಿ ನೀರಿಗೆ ಬಳಸುತ್ತಿದ್ದೆವು. ಹೀಗೆ ಕೈಹಿಡಿದ ಚಿತ್ರದ ಟಿನ್ನು ಹೊತ್ತುಕೊಂಡು ಹೋಗಿ, ಮೈಮೇಲೆ ನೀರು ಸುರಿಸಿಕೊಂಡು ಬರುತ್ತಿದ್ದೆವು. ಹಾಲಿನ ಪುಡಿಗೆ ಕುಲ ಬಿಟ್ಟವರು ಅಂತ ಊರಿನ ಹುಡುಗರು ಹಂಗಿಸುತ್ತಿದ್ದರು. ಮುಂದೆ ಬರ ಬಲಿತಾಗ ಆ ಹುಡುಗರ ತಾಯಂದಿರೇ ಕತ್ತಲಲ್ಲಿ ನಮ್ಮ ದೊಡ್ಡವ್ವನ ಹಿತ್ತಲಿಗೆ ಬಂದು ಅದೇ ಪುಡಿ ಇಸಿದುಕೊಂಡು ಹೋದದ್ದೂ ಉಂಟು. ದೊಡ್ಡವ್ವ ಆ ವಿಷಯ ಬಾಯಿ ಬಿಡಲಿಲ್ಲ. ನನಗೆ ಗೊತ್ತಾದದ್ದು ಅವಳು ತೀರಿಕೊಂಡ ಮೇಲೆ, ಅದೂ ಇಸಿದುಕೊಂಡವಳ ಮಗಳ ಬಾಯಿಂದ.

ದೊಡ್ಡವ್ವನ ವಿಷಯ ಹೇಳದೆ ಮುಂದೆ ಹೋಗಲು ಬರುವುದಿಲ್ಲ. ಚಿಂಚೋಳಿ ಕಾಡಿನ ಅಂಚಿನ ಒಂದು ಹಳ್ಳಿ ಅವಳ ತವರು. ಕೆಂಪು ಮಣ್ಣಿನ ಕಡೆಯವಳು, ನಮ್ಮ ಕರಿಮಣ್ಣಿಗೆ ಮದುವೆಯಾಗಿ ಬಂದಳು. ಅಕ್ಷರ ಬಾರದು. ಆದರೆ ಪಾದ್ರಿಗಳು ಒಮ್ಮೆ ಓದಿದ ಅಧ್ಯಾಯ ಮುಂದಿನ ವಾರ ಅವಳ ಬಾಯಲ್ಲಿರುತ್ತಿತ್ತು. ಅವಳು ಸೂಲಗಿತ್ತಿ. ನಮ್ಮೂರಿನ ಎರಡು ತಲೆಮಾರಿನ ಮಕ್ಕಳನ್ನು, ಗೌಡರ ಮನೆಯವು, ಶಾನುಭೋಗರ ಮನೆಯವು ಸೇರಿಸಿ, ಮೊದಲು ಮುಟ್ಟಿದ ಕೈ ಅವಳದು. ಹಡೆಯುವ ಹೊತ್ತಿನಲ್ಲಿ ಅವಳು ಪಡಸಾಲೆ ದಾಟಿ ಒಳಕೋಣೆಯ ತನಕ ಹೋಗಬಹುದು. ಕೂಸು ಅತ್ತಿತೋ, ಅವಳು ಮತ್ತೆ ಅಂಗಳಕ್ಕೆ. ಕೂಸಿಗೆ, ತಾಯಿಗೆ, ಕೋಣೆಗೆ ನೀರು ಹಾಕಿ ತೊಳೆದುಕೊಳ್ಳುತ್ತಿದ್ದರು. ಆಯದ ಜೋಳ ಮೊರಕ್ಕೆ ಮೇಲಿನಿಂದ ಸುರಿಯುತ್ತಿದ್ದರು.

ನಮ್ಮ ಕಡೆ ಕರುಣೆ ಎಂಬುದು ಹಾಗೆಯೇ, ಮೇಲಿನಿಂದ ಸುರಿಯುವ ವಸ್ತು. ನೀರೂ ಹಾಗೆ, ಜೋಳವೂ ಹಾಗೆ. ಸತ್ಯ ಹೇಳಬೇಕೆಂದರೆ ಕೆಲವು ಸಲ ಚರ್ಚಿನ ಹಾಲಿನ ಪುಡಿಯೂ ಹಾಗೆಯೇ ಬರುತ್ತಿತ್ತು: ಸಾಲು ನಿಲ್ಲಿಸಿ, ಫೋಟೋ ತೆಗೆಸಿ.

ಬೋರಿಂಗಿನ ಯಂತ್ರ ಬಂದದ್ದು 1973ರ ಚಳಿಗಾಲ ಮುಗಿಯುವ ಹೊತ್ತಿಗೆ, ಸೊಲ್ಲಾಪುರದ ಕಡೆಯಿಂದ. ಕೊರೆಯಲು ಜಾಗ ಕೇಳಿದಾಗ ಊರಲ್ಲಿ ಬಡಿದಾಟ ಬಿತ್ತು, ನನ್ನ ಮನೆ ಮುಂದೆ, ನಿನ್ನ ಮನೆ ಮುಂದೆ ಅಂತ. ಯಾವ ತಂಟೆಯೂ ಇಲ್ಲದ ಜಾಗ ಚರ್ಚಿನ ಅಂಗಳ ಒಂದೇ. ಕೊಟ್ಟೆವು. ಯಂತ್ರದ ಗದ್ದಲಕ್ಕೆ ಎಮ್ಮೆಗಳು ಹಗ್ಗ ಹರಿದುಕೊಂಡವು. ಗಾಳಿಯ ಒತ್ತಡಕ್ಕೆ ಕೊರೆದ ತೂತಿನಿಂದ ಕಲ್ಲಿನ ಹಿಟ್ಟು ಎದ್ದು ಇಡೀ ಕೇರಿ ಬೂದಿ ಬಡಿದುಕೊಂಡಂತೆ ಬೆಳ್ಳಗಾಯಿತು. ನಮ್ಮದು ಸುಣ್ಣಕಲ್ಲಿನ ನೆಲ, ಶಹಾಬಾದ್ ಫರ್ಸಿ ಅನ್ನುತ್ತೀರಲ್ಲ, ಅದರದೇ ಪದರಗಳು. ಪದರದ ನಡುವಿನ ಸಂದು ಸಿಕ್ಕರೆ ನೀರು, ಸಿಗದಿದ್ದರೆ ಎಷ್ಟು ಕೊರೆದರೂ ಬರೀ ಹಿಟ್ಟು. ಹೀಗಾಗಿ ಇಲ್ಲಿ ಒಂದು ಬೋರಿಗೂ ಹತ್ತು ಮಾರು ಆಚೆಯದಕ್ಕೂ ಸಂಬಂಧವಿರುವುದಿಲ್ಲ. 150 ಅಡಿ ದಾಟುವ ಹೊತ್ತಿಗೆ ಹಿಟ್ಟು ಹಸಿಯಾಯಿತು, ಕೆಸರಾಯಿತು, ಆಮೇಲೆ ಒಂದು ಸಲ ಫಕ್ಕನೆ ನೀರು ಹಾರಿ ಚರ್ಚಿನ ಗೋಡೆಗೆ ಬಡಿಯಿತು. ಯಂತ್ರದವನು ನಕ್ಕ. ಕೇರಿಯ ಹೆಂಗಸರು ಅತ್ತರು.

ಪಂಪು ಕೂಡಿಸಿದ್ದರ ಹಿಂದೆಯೂ ಒಂದು ಕಥೆ ಇದೆ. ಅದನ್ನು ನಾನು ತಿಳಿದದ್ದು ವಾಡಿಯ ಸಿಮೆಂಟ್ ಫ್ಯಾಕ್ಟರಿಗೆ ಕೆಲಸಕ್ಕೆ ಸೇರಿ, ಯಂತ್ರ ಬಲ್ಲವರ ಜೊತೆ ಕೂತೆದ್ದ ಮೇಲೆ. ಮೊದಮೊದಲು ನಮ್ಮ ದೇಶದ ಹಳ್ಳಿಗಳಿಗೆ ಹಾಕುತ್ತಿದ್ದ ಪಂಪು ಎರಕದ ಕಬ್ಬಿಣದ್ದು, ಅಮೆರಿಕ ಯುರೋಪಿನ ಒಂದೊಂದು ಒಕ್ಕಲು ಮನೆಗೆ ಅಂತ ಮಾಡಿದ ನಮೂನೆ. ಒಂದು ಕುಟುಂಬ ದಿನಕ್ಕೆ ನಾಲ್ಕು ಸಲ ಒತ್ತುವ ಪಂಪನ್ನು ಇಡೀ ಊರು ಬೆಳಗಿಂದ ರಾತ್ರಿ ತನಕ ಒತ್ತಿದರೆ ಎಷ್ಟು ದಿನ ತಾಳೀತು? ತಿಂಗಳೊಳಗೆ ಕೀಲು ಕಳಚಿ ಬೀಳುತ್ತಿತ್ತು. ಮರಾಠವಾಡದ ಜಾಲ್ನಾದಲ್ಲಿ ಸ್ಕಾಟ್ಲೆಂಡಿನ ಚರ್ಚಿನ ಮಿಷನ್ನಿನವರು ಬರದ ಹಳ್ಳಿಗಳಿಗೆ ಬೋರು ಕೊರೆಯುತ್ತಿದ್ದರು. ಕೊರೆದು ಬಂದ ಮೇಲೆ ಪಂಪು ಮುರಿದು ಬಿದ್ದದ್ದು ನೋಡಿ ನೋಡಿ ಬೇಸತ್ತು, ತಮ್ಮ ಕಾರ್ಖಾನೆಯಲ್ಲೇ ಉಕ್ಕಿನ ಪಂಪು ಮಾಡಿದರು. ಹಿಡಿಕೆಗೆ ಒಂದೇ ಕೀಲು. ಅದನ್ನೇ ಸೊಲ್ಲಾಪುರದಲ್ಲಿ ಇನ್ನೂ ಗಟ್ಟಿ ಮಾಡಿದರು. ಮುಂದೆ ಯುನಿಸೆಫ್‌ನವರು ಈ ಸೊಲ್ಲಾಪುರದ ಪಂಪನ್ನೇ ಮುಂದಿಟ್ಟುಕೊಂಡು ಮದರಾಸಿನ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಕಂಪನಿಯ ಜೊತೆ ಇಂಡಿಯಾ ಮಾರ್ಕ್ 2 ತಯಾರಿಸಿದರು. ಇವತ್ತು ಆಫ್ರಿಕಾದ ಹಳ್ಳಿಗಳಲ್ಲೂ ಕಾಣುವುದು ಅದೇ. ಪಂಪು ಮುರಿದರೆ ಕೊಟ್ಟ ನೀರು ಕೊಟ್ಟಂತಲ್ಲ ಅಂತ ಯಾರೋ ಒಬ್ಬ ಮಿಸ್ತ್ರಿ ತಲೆ ಕೆಡಿಸಿಕೊಂಡಿದ್ದನಲ್ಲ, ಬರಗಾಲದ ನೂರು ಪ್ರಸಂಗಕ್ಕಿಂತ ನನಗೆ ಅವನ ಮೇಲೆ ಗೌರವ ಹೆಚ್ಚು.

ನಮ್ಮ ಅಂಗಳಕ್ಕೆ ಬಂದದ್ದು ಅಂಥ ಉಕ್ಕಿನದೇ. ಒಳಗೆ, ನೆಲದಡಿಯಲ್ಲಿ, ಹಿತ್ತಾಳೆಯ ಕೊಳವೆಯೊಳಗೆ ಏರಿಳಿದು ನೀರು ಎತ್ತುವುದು ಮಾತ್ರ ತೊಗಲಿನ ವಾಶರು, ಬಟ್ಟಲಿನಾಕಾರದ್ದು. ಸವೆದಾಗ ಬದಲಿಸಬೇಕು. ಕೇರಿಯಲ್ಲಿ ತೊಗಲು ಬಲ್ಲ ಒಬ್ಬ ಮುದುಕನಿದ್ದ. ಮಿಷನ್ನಿನ ಮಿಸ್ತ್ರಿ ಒಮ್ಮೆ ತೋರಿಸಿಕೊಟ್ಟದ್ದಕ್ಕೆ, ಮುದುಕ ತೊಗಲನ್ನು ಎಣ್ಣೆಯಲ್ಲಿ ನೆನೆಸಿ, ಗುಂಡು ಕಟ್ಟಿಗೆಯ ಮೇಲೆ ಒತ್ತಿ ಬಟ್ಟಲು ಮಾಡಿ, ರಂಪಿಯಿಂದ ಅಂಚು ಕೊಯ್ದು ತಾನೇ ವಾಶರು ಮಾಡುವಂತಾದ. ಇದು ಊರಿನವರಿಗೆ ಗೊತ್ತಾಗುವುದು ಬೇಡ ಅಂತ ದೊಡ್ಡವ್ವ ನಮಗೆ ಹುಡುಗರಿಗೆಲ್ಲ ತಾಕೀತು ಮಾಡಿದ್ದಳು. ಹೇಳುವಾಗ ಅವಳ ಕಣ್ಣಲ್ಲಿ ನಗು ಇತ್ತು.

ಊರ ಬಾವಿ ಏಪ್ರಿಲ್ ಹೊತ್ತಿಗೆ ತಳ ಕಂಡಿತು. ಹೊಳೆಯ ಮರಳಲ್ಲಿ ಒರತಿ ತೋಡಿ, ಚಿಪ್ಪಿನಿಂದ ಗೋರಿ ಗೋರಿ ನೀರು ತುಂಬುತ್ತಿದ್ದರು. ಒಂದು ಸಂಜೆ ಊರಿನ ಹೆಂಗಸರು ಐದಾರು ಜನ ಕೇರಿಯ ಬಾಯಲ್ಲಿರುವ ಬೇವಿನ ಮರದ ಕೆಳಗೆ ಖಾಲಿ ಕೊಡ ಇಟ್ಟು ನಿಂತರು. ಒಳಗೂ ಬರಲಿಲ್ಲ, ಕೇಳಲೂ ಇಲ್ಲ. ಕತ್ತಲಾದ ಮೇಲೆ ಹೋದರು. ಮರುದಿನ ಮತ್ತೆ ಬಂದು ನಿಂತರು.

ಭಾನುವಾರ ಆರಾಧನೆ ಮುಗಿದ ಮೇಲೆ ಯಾರೂ ಏಳಲಿಲ್ಲ. ದೊಡ್ಡವ್ವನ ಮಗ, ನನಗೆ ಅಣ್ಣ ಆಗಬೇಕು, ಶಹಾಬಾದಿನ ಫರ್ಸಿ ಖಣಿಯಲ್ಲಿ ಕೆಲಸ ಮಾಡುತ್ತಿದ್ದ. ಅಲ್ಲಿ ಯೂನಿಯನ್ ಮಾತು ಕೇಳಿ ಬಂದವನು. ಅಂಗೈ ತುಂಬ ಸೀಳು. ಅವನೇ ಎದ್ದ.

"ನೀ ಅವರ ಬಾಂವಿ ಕಟ್ಟಿ ಕೆಳಗ ಎಷ್ಟ ವರ್ಷ ನಿಂತೀದಿ ಯವ್ವಾ? ಅವರೂ ನಿಂದರಲಿ. ನಿಂತ್ರ ಗೊತ್ತಾಗ್ತದ."

ದೊಡ್ಡವ್ವ ಕೂತಲ್ಲಿಂದಲೇ ಅಂದಳು: "ನಿಂತ್ರ ಏನ ಗೊತ್ತಾಗ್ತದೋ? ಐವತ್ತ ವರ್ಷ ನಿಂತೀನಿ, ಕಾಲ ನೋವಾಯ್ತು, ಅಷ್ಟ."

ಕೆಲವರು ನಕ್ಕರು. ಅಣ್ಣ ನಗಲಿಲ್ಲ. ಅವನ ಮಾತಿನಲ್ಲಿ ನ್ಯಾಯವಿತ್ತು, ಈಗಲೂ ಇದೆ ಅನ್ನುತ್ತೇನೆ. ನೀರು ಕೊಟ್ಟ ಮಾತ್ರಕ್ಕೆ ಆ ಐವತ್ತು ವರ್ಷ ಎಲ್ಲಿಗೂ ಹೋಗುವುದಿಲ್ಲ. ಬಾಯಾರಿದವನಿಗೆ ಲೆಕ್ಕ ತೋರಿಸಬಾರದು ಅನ್ನುವವರು, ಲೆಕ್ಕ ಎಂದಾದರೂ ತೋರಿಸಿ ಮುಗಿಸಿದ್ದಾರಾ?

ಚಿತ್ತಾಪುರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಪಾದ್ರಿಗಳು ಆ ದಿನ ಬುದ್ಧಿವಾದ ಹೇಳಲಿಲ್ಲ, ಅದು ಅವರ ದೊಡ್ಡತನ. ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯ ತೆಗೆದು ಓದಿದರು, ಸಮಾರ್ಯದ ಹೆಂಗಸಿನದು. ನಡುಮಧ್ಯಾಹ್ನ ಬಾವಿಯ ಹತ್ತಿರ ದಣಿದು ಕೂತ ಯೇಸು, ಯಾರ ಪಾತ್ರೆಯಲ್ಲಿ ತನ್ನ ಕುಲದವರು ನೀರು ಕುಡಿಯುತ್ತಿರಲಿಲ್ಲವೋ ಅವಳನ್ನೇ ನೀರು ಕೇಳುತ್ತಾನೆ. ಆ ಅಧ್ಯಾಯದ ಮೇಲೆ ನಾನು ಆಮೇಲೆ ಬೇಕಾದಷ್ಟು ಪ್ರಸಂಗ ಕೇಳಿದ್ದೇನೆ. ಎಲ್ಲರೂ ಜೀವಜಲದ ಮಾತಿಗೆ ಓಡುತ್ತಾರೆ. ಆ ದಿನ ನಮ್ಮ ಕೇರಿಗೆ ಕೇಳಿಸಿದ್ದು ಇಷ್ಟೇ: ಅಲ್ಲಿ ಕೇಳುವವನು ಸ್ವಾಮಿ, ನೀರಿನ ಒಡತಿ ಅವಳು. ಸಾಮಾನ್ಯವಾಗಿ ನಾವು ಆ ಕಥೆಯಲ್ಲಿ ಅವಳ ಜಾಗದಲ್ಲಿ ನಿಲ್ಲುವುದು ಅವಳ ಕೀಳು ಕುಲದ ಸಲುವಾಗಿ. ಅವಳ ಕೈಯಲ್ಲಿ ಕೊಡ ಇತ್ತು ಎಂಬುದನ್ನು ಅಲ್ಲಿಯವರೆಗೆ ಯಾರೂ ನಮಗೆ ತೋರಿಸಿರಲಿಲ್ಲ.

ಅಷ್ಟರಲ್ಲಿ ಊರಿನಿಂದ ಹೇಳಿಕೆ ಬಂತು, ತಳವಾರನ ಕೈಯಲ್ಲಿ. ಹಿರಿಯರು ಕೂತು ಒಂದು ದಾರಿ ಹುಡುಕಿದ್ದಾರೆ: ಮುಂಜಾನೆ ಊರವರಿಗೆ, ಸಂಜೆ ಕೇರಿಯವರಿಗೆ. ಮುಂಜಾನೆ ಬಿಟ್ಟುಕೊಡುವ ಮೊದಲು ಬೋರಿಂಗಿನ ಹಿಡಿಕೆ, ಕಟ್ಟೆ ಎಲ್ಲ ತೊಳೆದಿರಬೇಕು. ಆ ಹೊತ್ತಿನಲ್ಲಿ ಕೇರಿಯವರು ಅಂಗಳದಲ್ಲಿ ಇರಬಾರದು.

ಅಣ್ಣನ ಕೈ ನಡುಗಿದ್ದು ನಾನು ನೋಡಿದೆ. ದೊಡ್ಡವ್ವ ತಳವಾರನಿಗೆ ಕೂಡಲು ಹೇಳಿ, ಒಂದು ತಂಬಿಗೆ ನೀರು ಮುಂದಿಟ್ಟಳು. ಅವನು ಮುಟ್ಟಲಿಲ್ಲ. ಅವಳು ಅಂದಳು:

"ನೀರ ಎಷ್ಟ ಬೇಕಾದ್ರ ಒಯ್ಯಲಿ ಅಂತ ಹೇಳು. ತೊಳಿಯಾಕ ನೀರಿಲ್ಲ ಅಂತನೂ ಹೇಳು. ಪಾಳಿ ಒಂದ, ಬಂದವರ ಹಿಂದ ಬಂದವರು. ನಾವು ಒತ್ತಿದ್ರ ಆಗಂಗಿಲ್ಲ ಅಂದ್ರ ತಾವ ಒತ್ಕೊಳ್ಳಲಿ. ಒತ್ತಾಕ ಬರಂಗಿಲ್ಲ ಅಂದ್ರ ನಮ್ಮ ಹುಡುಗರು ಕಲಿಸ್ತಾರ."

ತಳವಾರ ಹೋದ. ಎರಡು ದಿನ ಬೇವಿನ ಮರದ ಕೆಳಗೂ ಯಾರೂ ಬರಲಿಲ್ಲ. ಕೇರಿಯೊಳಗೇ ದೊಡ್ಡವ್ವನ ಮೇಲೆ ಎರಡೂ ಕಡೆಯಿಂದ ಮಾತು ಬಿದ್ದವು. ಇವಳು ಬಾಗಿಲು ತೆಗೆದಳು ಅಂತ ಕೆಲವರು, ಇವಳು ಹಟ ಮಾಡಿ ಮಂದಿಯ ಜೀವ ತೆಗೆಯುತ್ತಾಳೆ ಅಂತ ಕೆಲವರು. ಕೂಸಿರುವ ಮನೆಗಳ ನೆನಪಾಗಿ ಅವಳಿಗೂ ನಿದ್ದೆ ಇರಲಿಲ್ಲ. ತಾನೇ ಹಡಿಸಿದ ಕೂಸುಗಳು. ರಾತ್ರಿ ಎದ್ದು ಕೂತು ಒಂದೊಂದೇ ಮನೆಯ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತಿದ್ದಳು, ಮಗ್ಗುಲಲ್ಲಿ ಮಲಗಿದ ನನಗೆ ಕೇಳಿಸುತ್ತಿತ್ತು. ಆದರೂ ತೊಳೆಯುವ ಮಾತಿಗೆ ಒಪ್ಪಲಿಲ್ಲ.

ಮೂರನೆಯ ದಿನ, ಮಟಮಟ ಮಧ್ಯಾಹ್ನ. ದೊಡ್ಡವರೆಲ್ಲ ಜಲ್ಲಿ ಒಡೆಯಲು ಹೋಗಿದ್ದರು. ನಾನು ಒಬ್ಬನೇ ಹಿಡಿಕೆಗೆ ಜೋತುಬಿದ್ದು ಟಿನ್ನು ತುಂಬುತ್ತಿದ್ದೆ. ತೂಕ ಸಾಲದೆ ಪ್ರತಿ ಸಲ ಕಾಲು ನೆಲ ಬಿಡುತ್ತಿತ್ತು. ತಲೆ ಎತ್ತಿದರೆ ಗೌಡರ ಮನೆಯ ಅಮ್ಮ. ಬೆವರಿಗೆ ಕುಂಕುಮ ಇಳಿದು ಮೂಗಿನ ತನಕ ಬಂದಿದೆ. ಬಗಲಲ್ಲಿ ತಾಮ್ರದ ಕೊಡ. ಆಳುಗಳು ಗುಳೆ ಹೋಗಿದ್ದರು. ಅಂಥ ಮನೆಯವರು ತಾವೇ ಕೊಡ ಹೊತ್ತು ನಡೆದದ್ದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ.

"ತಮ್ಮಾ, ಜರಾ ನೀರ ಹಾಕ್ತೀಯೇನು?"

ನಾನು ಹಿಡಿಕೆ ಬಿಟ್ಟು ಹಿಂದೆ ಸರಿದೆ. ಹುಟ್ಟಿದಾಗಿನಿಂದ ಕಲಿಸಿದ್ದು ಅದು: ಅವರು ಬಂದರೆ ಸರಿಯಬೇಕು. ಆಕೆ ಬಗ್ಗಿ, ನಲ್ಲಿಯ ಬಾಯಿಗೆ ಬೊಗಸೆ ಒಡ್ಡಿ ಕೂತೇಬಿಟ್ಟಳು. ಒತ್ತುವವರಿಲ್ಲ, ನೀರಿಲ್ಲ. ಬೊಗಸೆ ಹಾಗೆಯೇ ಇದೆ. ಆಗ ಒಳಗಿಂದ ದೊಡ್ಡವ್ವ ಬಂದಳು. ಮಾತಿಲ್ಲದೆ ಹಿಡಿಕೆ ಹಿಡಿದು ಒತ್ತಿದಳು. ಆಕೆ ಕುಡಿದಳು, ಮುಖ ತೊಳೆದಳು, ಮತ್ತೆ ಕುಡಿದಳು. ಕೊಡ ತುಂಬಿತು. ಎತ್ತಿಕೊಳ್ಳುವ ಬದಲು ಆಕೆ ಕೊಡ ಸರಿಸಿಟ್ಟು, ನನ್ನ ಅರೆ ತುಂಬಿದ ಟಿನ್ನನ್ನು ಕಾಲಿನಿಂದ ನಲ್ಲಿಯ ಕೆಳಗೆ ಸರಿಸಿ, "ಬಿಡು, ನಾ ಒತ್ತತೀನಿ" ಅಂದಳು. ಒತ್ತಲು ಬರುತ್ತಿರಲಿಲ್ಲ. ಅರ್ಧಕ್ಕೇ ಬಿಡುತ್ತಿದ್ದಳು, ನೀರು ಕೆಳಗಿಳಿದು ಗೊರಗೊರ ಅನ್ನುತ್ತಿತ್ತು. "ಪೂರಾ ಕೆಳಗ ಒತ್ರಿ" ಅಂತ ನಾನೇ ಹೇಳಿಕೊಟ್ಟೆ.

ಮರುದಿನ ಅವಳ ಹಿಂದೆ ನಾಲ್ಕು ಮನೆಯವರು. ವಾರದೊಳಗೆ ಪಾಳಿ ಚರ್ಚಿನ ಅಂಗಳ ದಾಟಿ ಬೇವಿನ ಮರದ ತನಕ ಹೋಯಿತು. ಎಲ್ಲರೂ ಬಂದರು ಅಂತ ಹೇಳುವುದಿಲ್ಲ. ಒಂದೆರಡು ಮನೆಯವರು ಮಳೆ ಬೀಳುವ ತನಕ ಒರತಿಯ ನೀರನ್ನೇ ಕುಡಿದರು. ಒಬ್ಬ ಹಿರಿಯ, ಮನೆಯ ಹೆಂಗಸರು ನಮ್ಮ ನೀರು ತರುತ್ತಾರೆಂದು ಗೊತ್ತಿದ್ದೂ, ಹೊಳೆಯದ್ದು ಅಂತ ತನಗೆ ತಾನೇ ಹೇಳಿಕೊಂಡು ಕುಡಿಯುತ್ತಿದ್ದ. ಬಂದವರಲ್ಲೂ ಕೆಲವರು ಹಿಡಿಕೆಗೆ ಸೆರಗು ಸುತ್ತಿ ಒತ್ತುತ್ತಿದ್ದರು. ಬಿಸಿಲಿಗೆ ಉಕ್ಕು ಕಾದಿರುತ್ತದೆ ಎಂಬ ನೆಪ ಇತ್ತಲ್ಲ. ಕಾದದ್ದೂ ಸುಳ್ಳಲ್ಲ, ನಾವೂ ಸುತ್ತುತ್ತಿದ್ದೆವು.

ಪಾಳಿ ಅಂದ ಮೇಲೆ ಜಗಳ. ನಮ್ಮವ್ವನಿಗೂ ಊರಿನ ಒಬ್ಬ ಒಕ್ಕಲತಿಗೂ ಒಂದು ದಿನ ಕೊಡ ಮುಂದಿಟ್ಟದ್ದರ ಮೇಲೆ ಭಾರಿ ಮಾತಾಯಿತು. ಇಬ್ಬರೂ ಸೆರಗು ಕಟ್ಟಿ, ಕೈ ತಿರುವಿ, ಒಬ್ಬರ ಏಳು ತಲೆಮಾರು ಇನ್ನೊಬ್ಬರು ಎತ್ತಿದರು. ಸಂಜೆ ಅವ್ವ ಮನೆಗೆ ಬಂದಾಗ ಮುಖ ಅರಳಿತ್ತು. ಆ ಊರಿನ ಹೆಂಗಸಿನ ಎದುರು ನಿಂತು, ತಲೆ ಎತ್ತಿ, ಸರಿಸಮ ಜಗಳ ಆಡಿದ್ದು ಜನ್ಮದಲ್ಲಿ ಅದೇ ಮೊದಲು. ಅಪ್ಪನಿಗೆ ಅದನ್ನು ಹೇಳುತ್ತಾ ಹೇಳುತ್ತಾ ಮೈಲೋ ನುಚ್ಚು ತಳ ಹಿಡಿಸಿದಳು.

ಅಣ್ಣ ಮಾತ್ರ ಬೇಸಿಗೆ ಪೂರ್ತಿ ಬೋರಿಂಗಿನ ಹತ್ತಿರ ಸುಳಿಯಲಿಲ್ಲ. ಶಹಾಬಾದಿನಿಂದ ಬಂದಾಗಲೂ ಮನೆಯೊಳಗೇ ಇರುತ್ತಿದ್ದ. ಆದರೆ ಮೇ ತಿಂಗಳ ಒಂದು ರಾತ್ರಿ ಪಂಪು ನೀರು ಎತ್ತುವುದು ಬಿಟ್ಟಾಗ, ರಾಡು ಮೇಲೆಳೆಯಲು ಗಟ್ಟಿ ಕೈ ಬೇಕಾಗಿತ್ತು. ಕಂದೀಲು ಹಿಡಿದು ನಿಂತವನು ನಾನು, ಎಳೆದವನು ಅವನು. ಮುದುಕ ಹೊಸ ವಾಶರು ಕೂಡಿಸಿದ. ಬೆಳಗಾಗುವ ಮೊದಲೇ ಅಣ್ಣ ಶಹಾಬಾದಿನ ದಾರಿ ಹಿಡಿದ. ನೀರು ಬಂದದ್ದು ನೋಡಲೂ ನಿಲ್ಲಲಿಲ್ಲ.

1973ರ ಮಳೆ ಚೆನ್ನಾಗಿ ಬಂತು. ಕಾಗಿಣಾ ತುಂಬಿತು, ಊರ ಬಾವಿ ತುಂಬಿತು, ಬೇವಿನ ಮರದ ತನಕ ಬಂದಿದ್ದ ಪಾಳಿ ಕರಗಿತು. ಈಗ ನೀವೂ ಬನ್ನಿ ಅಂತ ಊರ ಬಾವಿಗೆ ನಮ್ಮನ್ನು ಯಾರೂ ಕರೆಯಲಿಲ್ಲ. ಅದನ್ನೂ ಹೇಳಿಯೇ ಈ ಕಥೆ ಹೇಳಬೇಕು, ಇಲ್ಲದಿದ್ದರೆ ಪ್ರಸಂಗ ಆಗುತ್ತದೆ. ನವೆಂಬರಿನಲ್ಲಿ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಯಿತು, ಶಾಲೆಯಲ್ಲಿ ಪೇಪರಮೆಂಟು ಹಂಚಿದರು. ಹಿಂಗಾರಿ ಜೋಳ ಆಳೆತ್ತರ ಬಂತು.

ನಮ್ಮ ಸಭೆಗಳಲ್ಲಿ ಸುಗ್ಗಿಹಬ್ಬ ಎಂದು ಮಾಡುತ್ತೇವೆ. ಬೆಳೆದವರು ಜೋಳ, ಕಡಲೆ, ಕುಸುಬಿ, ಕುಂಬಳಕಾಯಿ, ಕೋಳಿ, ಏನಿದೆಯೋ ಅದನ್ನು ತಂದು ದೇವರ ಮುಂದೆ ಇಡುತ್ತಾರೆ. ಪ್ರಾರ್ಥನೆಯ ನಂತರ ಲಿಲಾವು. ಬರದ ವರ್ಷ ಆ ಹಬ್ಬಕ್ಕೆ ಇಡಲು ಏನೂ ಇರಲಿಲ್ಲ. ಯಾರೋ ಒಬ್ಬರು ಒಂದು ಹಿಡಿ ಮೈಲೋ ಇಟ್ಟಿದ್ದರು, ಅದನ್ನು ಕೂಗಲು ಪಾದ್ರಿಗಳಿಗೇ ನಾಚಿಕೆಯಾಗಿತ್ತು. 1974ರ ಸುಗ್ಗಿಗೆ ಚರ್ಚಿನ ಕಟ್ಟೆ ತುಂಬಿತು. ಲಿಲಾವು ಶುರುವಾಗುವ ಹೊತ್ತಿಗೆ ಗೌಡರ ಮನೆಯ ಆಳು ಒಂದು ಚೀಲ ಬಿಳಿಜೋಳ ಹೊತ್ತು ತಂದು ಬಾಗಿಲಲ್ಲಿ ಇಳಿಸಿದ. ಚೀಲದ ಮೇಲೆ ಒಂದು ಹಳೆಯ ಸೀರೆಯಲ್ಲಿ ಸುತ್ತಿದ ಗಂಟು.

ಒಳಗೆ ಗುಸುಗುಸು ಎದ್ದಿತು. ದೊಡ್ಡವ್ವನ ಆಯ ಇರಬೇಕು, ಅವಳ ಮನೆಗೆ ಒಯ್ಯಿರಿ ಅಂದರು ಕೆಲವರು. ಕೊಟ್ಟ ನೀರಿಗೆ ಬೆಲೆ ಕಟ್ಟಿ ಕಳಿಸಿದ್ದಾರೆ, ಹಿಂದಕ್ಕೆ ಕಳಿಸಿ ಅಂದರು ಇನ್ನು ಕೆಲವರು. ಪಾದ್ರಿಗಳು ವಹಿ ತೆರೆದು ಪೆನ್ನು ಹಿಡಿದು ಕೂತಿದ್ದರು, ಯಾರ ಹೆಸರಲ್ಲಿ ಬರೆಯಬೇಕೆಂದು ತಿಳಿಯದೆ. ದೊಡ್ಡವ್ವ ಅಂದಳು: "ಆಕಿ ಹೆಸರ ಬರೀರಿ. ಎಲ್ಲಾರದು ಕೂಗಿದಂಗ ಆಕಿದೂ ಕೂಗ್ರಿ." ಕೂಗಿದರು. ನಮ್ಮ ಚರ್ಚಿನ ವಹಿಯಲ್ಲಿ ಗೌಡರ ಮನೆಯ ಹೆಸರು ಬಿದ್ದದ್ದು ಅದೊಂದು ಸಲ. ಚೀಲದ ಬೆಲೆ ಏರುತ್ತಾ ಹೋಯಿತು. ಕೊನೆಗೆ ಕೂಗಿ ಹಿಡಿದವನು ಅಣ್ಣ, ಪೇಟೆಯ ಧಾರಣೆಗಿಂತ ಜಾಸ್ತಿ ಕೊಟ್ಟು. ಯಾಕೆ ಹಿಡಿದ ಅಂತ ಅವನನ್ನು ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ.

ಗಂಟು ಬಿಚ್ಚಿದರೆ ಒಳಗೆ ತೊಗಲು. ಗೌಡರ ತೋಟದ ಬಾವಿಗೆ ಆ ವರ್ಷ ಎಂಜಿನ್ ಕೂಡಿಸಿದ್ದರು. ಎತ್ತು ಹೂಡಿ ನೀರೆತ್ತುತ್ತಿದ್ದ ಮೊಟ್ಟೆ ಮೂಲೆ ಸೇರಿತ್ತು. ಅದನ್ನು ಬಿಚ್ಚಿ, ಗಟ್ಟಿ ಇದ್ದ ಭಾಗವನ್ನಷ್ಟೇ ಕೊಯ್ಸಿ, ಎಣ್ಣೆ ತಿಕ್ಕಿಸಿ ಕಳಿಸಿದ್ದಳು ಆಕೆ. ಆಳು ಬಾಗಿಲಲ್ಲೇ ನಿಂತಿದ್ದ. "ಬೋರಿಂಗಿನ ಬಟ್ಟಲಿಗಿ ಆಗ್ತದ ಅಂತ ಹೇಳ್ಯಾರ್ರಿ ಅಮ್ಮೋರು" ಅಂದ.

ದೊಡ್ಡವ್ವ ನಮ್ಮ ಹುಡುಗರ ಕಡೆ ತಿರುಗಿ, ಯಾರು ಬಾಯಿ ಬಿಟ್ಟವರು ಎಂಬಂತೆ ಒಬ್ಬೊಬ್ಬರ ಮುಖ ನೋಡಿದಳು. ನಾವ್ಯಾರೂ ಹೇಳಿರಲಿಲ್ಲ. ತೊಗಲಿನ ಮುದುಕ ಅದನ್ನು ಎತ್ತಿ, ಬೆಳಕಿಗೆ ಹಿಡಿದು, ಮಡಚಿ, ಉಗುರಿನಿಂದ ಗೀರಿ ನೋಡಿ, "ಇದನ್ನ ಲಿಲಾವಿಗಿ ಇಡಬ್ಯಾಡ್ರಿ, ಛಲೋ ಮಾಲು ಅದ" ಅಂದ. ಎಂಟು ವಾಶರು ಆದವು ಅದರಲ್ಲಿ. ಎಷ್ಟೋ ವರ್ಷ ಬಂದವು.